ದೇವಿಗೆ ಬೆನ್ನು ಹಾಕಿ ನಿಂತ ಟೈಲರು

ನಮ್ಮ ಟೈಲರ ಪಾದಗಳು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತವರು ತುಳಿಯುವುದು ಸರಿಯೇ. ಇವರು ಊಟಕ್ಕೆ ಕೂತಾಗಲೂ ತುಳಿಯುತ್ತಿದ್ದರು, ಬಸ್ಸಿನಲ್ಲಿ ಕೂತಾಗಲೂ ತುಳಿಯುತ್ತಿದ್ದರು. ಮಧ್ಯಾಹ್ನ ಜಗಲಿಯ ಮೇಲೆ ಅಡ್ಡಾದರೆ ನಿದ್ದೆಯಲ್ಲೂ ಹಿಮ್ಮಡಿ ಮೇಲೆ ಕೆಳಗೆ ಆಡುತ್ತಿತ್ತು. ಹೆಬ್ಬೆರಳಿನ ಬುಡದ ಚರ್ಮ ಜಡ್ಡುಗಟ್ಟಿ ಹಲಗೆಯಂತಾಗಿತ್ತು. ನನ್ನ ತಾಯಿ ಅದನ್ನು ನೋಡಿ, ಈ ಮನುಷ್ಯ ಹೀಗೇ ತುಳಿದೂ ತುಳಿದೂ ಒಂದು ದಿನ ಯಂತ್ರ ಸಮೇತ ಊರು ಬಿಟ್ಟು ಹೋಗ್ತಾನೆ ನೋಡು ಎನ್ನುತ್ತಿದ್ದಳು.

ಅರವತ್ತರ ದಶಕದಲ್ಲಿ ನಾನು ಸಾಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ತಂದೆ ನನ್ನ ಚಿಕ್ಕಂದಿನಲ್ಲೇ ಹೋಗಿದ್ದರು, ಒಡಹುಟ್ಟಿದವರಿಲ್ಲ. ನಾನೂ ತಾಯಿಯೂ ಪೇಟೆಯ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದೆವು. ಅದೇ ಮನೆಯ ಬೀದಿ ಕಡೆಯ ಜಗಲಿಯನ್ನೂ ಅದಕ್ಕೆ ಅಂಟಿದ ಒಂದು ಕೋಣೆಯನ್ನೂ ಮಾಲೀಕರು ಟೈಲರಿಗೆ ಕೊಟ್ಟಿದ್ದರು. ಬೆಳಗಿನ ಕಾಫಿಗೆ ಮೊದಲೇ ಶುರುವಾದ ಅವರ ಯಂತ್ರದ ಕಟಕಟ ದೀಪ ಹಚ್ಚುವ ಹೊತ್ತಿಗೂ ನಿಲ್ಲುತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳ ಗಲಾಟೆ, ಮನೆಯಲ್ಲಿ ಯಂತ್ರದ ಗಲಾಟೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಬಂದ ಹೊಸದರಲ್ಲಿ ಒಮ್ಮೆ ಗೋಡೆ ಬಡಿದೇ ಬಿಟ್ಟೆ. ಯಂತ್ರ ತಕ್ಷಣ ನಿಂತಿತು. ಟೈಲರು ಕಿಟಕಿಯ ಹತ್ತಿರ ಬಂದು, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆಯದೆ, ಬಾಯಿಯ ಒಂದು ಮೂಲೆಯಿಂದ, "ಕರೆದ್ರಾ ಅಕ್ಕೋರೇ?" ಎಂದರು. ನಮ್ಮ ಕಡೆ ಹೆಣ್ಣು ಟೀಚರನ್ನು ಶಾಲೆಯ ಮಕ್ಕಳು ಕರೆಯುವುದು ಅಕ್ಕೋರು ಎಂದು. ತಲೆ ನರೆತವರ ಬಾಯಲ್ಲಿ ಅದನ್ನು ಕೇಳಿ ನನಗೆ ನಗು ಬಂತು, ಸಿಟ್ಟು ಎಲ್ಲಿಗೋ ಹೋಯಿತು.

ಟೈಲರುಗಳೆಂದರೆ ಇವತ್ತು ನಾಳೆ ಎಂದು ಅಲೆಸುವವರು ಎಂಬುದು ಲೋಕಕ್ಕೆಲ್ಲ ಗೊತ್ತು. ಇವರದು ತಿರುಗುಮುರುಗು. ಹೇಳಿದ ದಿನಕ್ಕಿಂತ ಮುಂಚೆಯೇ ಹೊಲಿದು ಮನೆಗೆ ತಂದು ಕೊಡುತ್ತಿದ್ದರು. ತೊಂದರೆ ಶುರುವಾಗುತ್ತಿದ್ದದ್ದು ಆಮೇಲೆ. ನಾಲ್ಕು ದಿನ ಬಿಟ್ಟು ಬಂದು, ಆ ರವಿಕೆ ಒಂಚೂರು ಕೊಡಿ, ತೋಳಿನ ಹತ್ರ ನಂಗೆ ಸಮಾಧಾನ ಇಲ್ಲ ಎಂದು ವಾಪಸ್ ಕೇಳುತ್ತಿದ್ದರು. ತೊಟ್ಟವರಿಗೆ ಸಮಾಧಾನ ಇದ್ದರೂ ಹೊಲಿದವರಿಗೆ ಇಲ್ಲ. ಒಮ್ಮೆ ಮದುವೆ ಮನೆಗೇ ಹೋಗಿ ಮದುಮಗನ ಅಂಗಿಯನ್ನು ಬಿಚ್ಚಿ ಕೊಡಿ ಎಂದು ಕೇಳಿ ಬೈಸಿಕೊಂಡು ಬಂದಿದ್ದರು. ಪ್ರತಿ ಬಟ್ಟೆಯ ಒಳಗೂ ಹೊಲಿಗೆಯಾಚೆ ಒಂದಿಷ್ಟು ಬಟ್ಟೆ ಹೆಚ್ಚಿಗೆ ಬಿಡುವುದು ಅವರ ಪದ್ಧತಿ. ಬಟ್ಟೆ ದಂಡ ಎಂದು ಗಿರಾಕಿಗಳು ಗೊಣಗಿದರೆ, "ಮನುಷ್ಯ ಒಂದೇ ಅಳತೇಲಿ ಇರಲ್ಲ" ಎಂದು ಮಾತು ಮುಗಿಸುತ್ತಿದ್ದರು. ನನ್ನ ತಾಯಿಗೆ ಈ ಮಾತು ಬಹಳ ಹಿಡಿಸಿತ್ತು. ವಯಸ್ಸಾದ ಹಾಗೆ ದಪ್ಪವಾಗುತ್ತಿದ್ದವಳು ಅವಳು.

ಅವರು ಮುಳುಗಡೆಯವರು. ಶರಾವತಿಗೆ ಅಣೆಕಟ್ಟು ಕಟ್ಟಿ ಹಿನ್ನೀರು ನಿಂತಾಗ ಊರು ಬಿಟ್ಟು ಬಂದವರನ್ನೆಲ್ಲ ಸಾಗರದಲ್ಲಿ ಹಾಗೆಯೇ ಕರೆಯುತ್ತಿದ್ದರು, ಅದೂ ಒಂದು ಜಾತಿಯೋ ಎಂಬಂತೆ. ಹೊನ್ನೆಮರಡಿನಿಂದಾಚೆ ಹೊಳೆ ದಂಡೆಯಲ್ಲಿ ಅವರ ಊರಿತ್ತು. ಅಲ್ಲೂ ಹೊಲಿಗೆಯೇ ಕಸುಬು. ತಂದೆತಾಯಿ ಬೇಗ ಹೋದರು. ಚಿಕ್ಕ ತಂಗಿಯನ್ನು ಇವರೇ ಸಾಕಿದರು. ತಲೆ ಬಾಚಿ ಜಡೆ ಹಾಕುವುದನ್ನು ಪಕ್ಕದ ಮನೆಯ ಹೆಂಗಸರಿಂದ ಕಲಿತರಂತೆ. ಕಟ್ಟಿಕೊಂಡ ಹೆಂಡತಿ ಮೊದಲ ಹೆರಿಗೆಯಲ್ಲೇ ತೀರಿಕೊಂಡಳು, ಮತ್ತೆ ಮದುವೆಯ ಯೋಚನೆ ಮಾಡಲಿಲ್ಲ. ತಂಗಿ ಬೆಳೆದಾಗ ಹೊಳೆಯ ಎದುರು ದಂಡೆಯ ಊರಿಗೆ ಕೊಟ್ಟರು, ಕೂಗಿದರೆ ಕೇಳಿಸಲಿ ಎಂದು. ಸಂಜೆ ಅಣ್ಣ ಈ ದಂಡೆಯಲ್ಲಿ, ನೀರಿಗೆ ಬಂದ ತಂಗಿ ಆ ದಂಡೆಯಲ್ಲಿ. ಇವತ್ತು ಏನು ಅಡುಗೆ, ದನ ಕರು ಹಾಕಿತಾ, ಅತ್ತೆಯ ಜ್ವರ ಬಿಟ್ಟಿತಾ, ಎಲ್ಲ ವಿಚಾರಣೆಯೂ ಹೊಳೆಯ ಮೇಲಿಂದಲೇ. "ನಮ್ಮನೆ ಗುಟ್ಟೆಲ್ಲ ದೋಣಿಯವ್ನಿಗೆ ಗೊತ್ತಿತ್ತು" ಎಂದು ಹೇಳಿ ಅವರು ನಗುತ್ತಿದ್ದರು.

ನೀರು ಏರುವ ಸುದ್ದಿ ಬಂದಾಗ ಮೊದಲು ಎದ್ದದ್ದು ತಂಗಿಯ ಊರು. ಇವರು ದೋಣಿ ದಾಟಿ ಓಡಿ ಹೋಗುವಷ್ಟರಲ್ಲಿ ಲಾರಿ ಹೊರಟಿತ್ತು. ಪಾತ್ರೆ, ಒನಕೆ, ಕೋಳಿಬುಟ್ಟಿಗಳ ಮೇಲೆ ಕೂತಿದ್ದ ತಂಗಿ ಇವರನ್ನು ನೋಡಿ ಎದ್ದು ನಿಂತು, ಮಾರಿಜಾತ್ರೆಗೆ ಬಾ ಅಣ್ಣ ಎಂದು ಕೂಗಿದಳಂತೆ. ಬರ್ತೀನಿ ಎಂದು ಇವರೂ ಕೂಗಿದರಂತೆ. ಆಮೇಲೆ ಧೂಳು. ಹೊಸನಗರದ ಕಡೆ ಜಾಗ ಕೊಟ್ಟಿದ್ದಾರೆ ಎಂದು ಕೇಳಿ ಹುಡುಕಿಕೊಂಡು ಹೋದಾಗ ಅಲ್ಲಿ ನೀರಿಲ್ಲವೆಂದು ಆ ಮನೆಯವರು ಬಿಟ್ಟು ಹೋಗಿ ಆಗಿತ್ತು. ಎಲ್ಲಿಗೆ ಎಂದು ಹೇಳುವವರಿಲ್ಲ. ಓದು ಬರಹ ಅಣ್ಣನಿಗೂ ಇಲ್ಲ, ತಂಗಿಗೂ ಇಲ್ಲ. ಉಳಿದದ್ದು ಲಾರಿಯ ಮೇಲಿನ ಆ ಒಂದು ಮಾತು. ಸಾಗರದ ಮಾರಿಜಾತ್ರೆ ಬರುವುದು ಮೂರು ವರ್ಷಕ್ಕೊಮ್ಮೆ.

ಇವರು ಸಾಗರಕ್ಕೆ ಬಂದು ಯಂತ್ರ ಹೂಡಿದ್ದೂ ಅದಕ್ಕೇ. ಜಾತ್ರೆ ನಡೆಯುವ ಊರಲ್ಲೇ ಇದ್ದುಬಿಟ್ಟರೆ ತಪ್ಪುವ ಪ್ರಶ್ನೆಯೇ ಇಲ್ಲ ಎಂದು ಅವರ ಲೆಕ್ಕ. ಪ್ರತಿ ಗೌರಿಹಬ್ಬಕ್ಕೆ ತಂಗಿಗೆಂದು ಒಂದು ರವಿಕೆ ಹೊಲಿದು ಟ್ರಂಕಿನಲ್ಲಿ ಇಡುತ್ತಿದ್ದರು. ಆ ರವಿಕೆಗಳನ್ನೂ ಬಿಡುತ್ತಿರಲಿಲ್ಲ, ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ದಪ್ಪ ಆಗಿರ್ತಾಳೋ, ಸೊರಗಿರ್ತಾಳೋ ಎಂದು ನನ್ನ ತಾಯಿಯ ಹತ್ತಿರ ಚರ್ಚೆ ಮಾಡುತ್ತಿದ್ದರು. ಅವಳು ತೋಚಿದ್ದು ಹೇಳುತ್ತಿದ್ದಳು. ಮರುದಿನ ರವಿಕೆ ಮತ್ತೆ ಯಂತ್ರದ ಮೇಲೆ.

ಸಾಗರದ ಜಾತ್ರೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮ ಮಾರಿಯಮ್ಮನಿಗೆ ಎರಡು ಗುಡಿ. ಒಂದು ತವರುಮನೆ, ಇನ್ನೊಂದು ಗಂಡನಮನೆ. ಜನ ಕರೆಯುವುದೂ ಹಾಗೆಯೇ. ಜಾತ್ರೆಯ ಮೊದಲ ದಿನ ದೇವಿ ತವರುಮನೆಯಲ್ಲಿ ಕೂರುತ್ತಾಳೆ. ಹೆಂಗಸರು ನಸುಕಿನಿಂದಲೇ ಸಾಲು ನಿಂತು ಉಡಿ ತುಂಬುತ್ತಾರೆ. ರಾತ್ರಿ ಮೆರವಣಿಗೆಯಲ್ಲಿ ಅವಳು ಗಂಡನಮನೆಗೆ ಹೋಗುತ್ತಾಳೆ, ಜಾತ್ರೆ ಮುಗಿಯುವವರೆಗೂ ಮತ್ತೆ ಅಲ್ಲೇ. ಎರಡು ಗುಡಿಗಳ ನಡುವೆ ದೂರವೇನಿಲ್ಲ, ಒಂದು ಎಲೆಯಡಿಕೆ ಕವಳ ಹಾಕಿ ಮುಗಿಸುವಷ್ಟರಲ್ಲಿ ನಡೆದುಬಿಡಬಹುದು.

ಮುಳುಗಡೆಯಾದ ಮೇಲೆ ಬಂದ ಮೊದಲ ಜಾತ್ರೆಯಲ್ಲಿ ಮೊದಲ ದಿನ ಸಂಜೆಯವರೆಗೂ ಟೈಲರು ಯಂತ್ರ ಬಿಟ್ಟು ಏಳಲಿಲ್ಲ. ಇಡೀ ಪೇಟೆಗೆ ಹೊಸ ಬಟ್ಟೆ ಬೇಕಾಗಿತ್ತು. ಇವತ್ತು ಹೋಗಲ್ವಾ ಎಂದು ನನ್ನ ತಾಯಿ ಕೇಳಿದ್ದಕ್ಕೆ, ನಾಳೆಯಿಂದ ಎಂದರು. ಎರಡನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಸೀರೆ, ರವಿಕೆ, ಅಕ್ಕಿ, ಕಾಯಿ, ಬಳೆಗಳ ಗಂಟೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಗಂಡನಮನೆ ಗುಡಿಗೆ ಹೊರಟರು. ಅಳತೆಯ ಟೇಪು ಕೊರಳಲ್ಲೇ ಇತ್ತು. ತೆಗೆಯಿರಿ ಎಂದರೂ ತೆಗೆಯಲಿಲ್ಲ.

ನನಗೆ ಜಾತ್ರೆ ಎಂದರೆ ಆಗುವುದಿಲ್ಲ. ಜನರ ಬೆವರು, ಪೀಪಿ, ಮೈಕಿನಲ್ಲಿ ಕಳೆದುಹೋದ ಮಕ್ಕಳ ಹೆಸರು, ಕಾಲಡಿಯಲ್ಲಿ ತೆಂಗಿನ ಚಿಪ್ಪು. ತಾಯಿಯ ಕಾಟಕ್ಕೆ ಹೋಗಿದ್ದೆ. ದೇವಿಯನ್ನು ನೋಡಬೇಕೆಂದು ಎಲ್ಲರೂ ಕತ್ತು ಉದ್ದ ಮಾಡಿ ಒಂದೇ ಕಡೆ ನುಗ್ಗುತ್ತಿದ್ದರೆ, ಕಂಬದ ಪಕ್ಕ ಒಬ್ಬರು ದೇವಿಗೆ ಬೆನ್ನು ಹಾಕಿ ನಮ್ಮ ಕಡೆ ಮುಖ ಮಾಡಿ ನಿಂತಿದ್ದರು. ನಮ್ಮ ಟೈಲರು. ಒಂದೊಂದೇ ಹೆಂಗಸಿನ ಮುಖ ನೋಡಿ ನೋಡಿ ಮುಂದಕ್ಕೆ ಬಿಡುತ್ತಿದ್ದರು. ಕಾಲು ತುಳಿಯುತ್ತಲೇ ಇತ್ತು. ಒಮ್ಮೆ ಆ ಕಡೆ ತಿರುಗಿ ಕೈಯಾದರೂ ಮುಗಿಯಬಾರದೇ ಎಂದು ನನ್ನ ತಾಯಿ ಗದರಿದಳು.

"ದೇವಿ ಇಲ್ಲೇ ಇರ್ತಾಳಲ್ಲ, ಆಮೇಲೆ ನೋಡ್ತೀನಿ. ಜನ ಹೋಗಿಬಿಡ್ತಾರೆ" ಎಂದರು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಗಲಾಟೆಯಾಯಿತು. ಯಾರದೋ ಹೆಂಡತಿಯ ಮುಖವನ್ನು ಇವರು ಸ್ವಲ್ಪ ಹೆಚ್ಚು ಹೊತ್ತು ನೋಡಿರಬೇಕು. ಗಂಡನಾದವನು ಬಂದು ಕಾಲರ್ ಹಿಡಿದ. ಸುತ್ತ ಜನ ಸೇರಿತು, ಹೊಡೀರಿ ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ನಾವು ಆಗಷ್ಟೇ ಬಂದಿದ್ದೆವು. ನನ್ನ ತಾಯಿ ಗಿಡ್ಡ ಮೈಯವಳಾದರೂ ಅವಳ ಗಂಟಲು ದೊಡ್ಡದು. ನಡುವೆ ನುಗ್ಗಿ, ಕೈ ತೆಗಿ, ಅವನು ಮುಳುಗಡೇಲಿ ಕಳೆದ ತಂಗಿಯನ್ನು ಹುಡುಕ್ತಿದಾನೆ ಎಂದಳು. ಆ ಮನುಷ್ಯನ ಕೈ ಕಾಲರಿನಲ್ಲೇ ಇತ್ತು. ಯಾವ ಊರು ಎಂದು ಕೇಳಿದ. ಟೈಲರು ಹೇಳಿದರು. ಕೈ ಮೆಲ್ಲಗೆ ಕೆಳಗೆ ಬಂತು. ತಾನೂ ಆ ದಂಡೆಯವನೇ, ಮೂರು ಊರು ಆಚೆ ಎಂದ. ಆಮೇಲೆ ಇಬ್ಬರೂ ಕಂಬದ ಬುಡದಲ್ಲಿ ಕೂತು, ಯಾರು ಯಾರು ಎಲ್ಲೆಲ್ಲಿ ಹೋದರೆಂದು ಹೇಳಿಕೊಳ್ಳತೊಡಗಿದರು. ತಂಗಿಯ ಸುದ್ದಿ ಮಾತ್ರ ಅವನಿಗೂ ಗೊತ್ತಿರಲಿಲ್ಲ.

ಆವತ್ತಿನಿಂದ ತಾಯಿ, ಹೆಂಗಸರು ಜೊತೆಗಿದ್ದರೆ ಯಾರೂ ಹೊಡೆಯುವುದಿಲ್ಲ ಎಂದು ಹೇಳಿ ನನ್ನನ್ನು ಅವರ ಪಕ್ಕ ನಿಲ್ಲಿಸಿದಳು. ಜಾತ್ರೆ ಎಂದರೆ ಆಗದ ನಾನು ಕೊನೆಯ ದಿನದವರೆಗೂ ದೇವಿಗೆ ಬೆನ್ನು ಹಾಕಿ ನಿಂತೆ. ಹಾಗೆ ನಿಂತು ನೋಡಿದರೆ ಜಾತ್ರೆ ಬೇರೆಯೇ. ಮುಖಗಳು ದೇವಿಯ ಎದುರಿಗೆ ಬಂದಾಗ ಏನೋ ಆಗಿಬಿಡುತ್ತವೆ. ಬಾಯಿಬಡುಕಿಯರು ಸುಮ್ಮನಾಗುತ್ತಾರೆ, ಮೀಸೆ ಹೊತ್ತವರ ಗಲ್ಲ ನಡುಗುತ್ತದೆ. ತರಗತಿಯಲ್ಲಿ ನನ್ನನ್ನು ಅಳಿಸುತ್ತಿದ್ದ ಒಬ್ಬ ಪುಂಡ ಹುಡುಗನ ಅಮ್ಮ ಬಂದು, ಬಾಯಿಬಿಟ್ಟು ಏನೋ ಬೇಡಿಕೊಂಡು ಹೋದಳು. ಆಮೇಲೆ ಆ ಹುಡುಗನಿಗೆ ಹೊಡೆಯಲು ನನಗೆ ಕೈ ಬರಲಿಲ್ಲ. ಟೀಚರಾಗಿ ನಾನು ಏನಾದರೂ ಕಲಿತಿದ್ದರೆ ಆ ಕಂಬದ ಪಕ್ಕದಲ್ಲಿ ಕಲಿತದ್ದೇ ಹೆಚ್ಚು, ಅದನ್ನು ಕಲಿಸಿದವರು ಇವರೇ.

ತಂಗಿ ಬರಲಿಲ್ಲ. ಜಾತ್ರೆ ಮುಗಿಯಿತು.

ಮುಂದಿನ ಜಾತ್ರೆಯವರೆಗೆ ಕೈಕಟ್ಟಿ ಕೂರುವ ಜೀವ ಅದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕಿನಲ್ಲಿ ಎಲ್ಲಿ ಜನ ಸೇರಿದರೂ ಇವರು ಅಲ್ಲಿ. ಗುಡಿಯೋ ಬಸದಿಯೋ ದರ್ಗಾವೋ, ಯಾವ ದೇವರು ಎಂದು ಕೇಳುತ್ತಿರಲಿಲ್ಲ, ಜನ ಎಷ್ಟು ಸೇರ್ತಾರೆ ಎಂದಷ್ಟೇ ಕೇಳುತ್ತಿದ್ದರು. ಅರ್ಧ ಹೊಲಿದ ಅಂಗಿ ಯಂತ್ರದಲ್ಲಿ ಸಿಕ್ಕಿದ ಹಾಗೆಯೇ ಇರುತ್ತಿತ್ತು, ಟೈಲರು ಹೊಸನಗರದ ಕಡೆಯ ಬಸ್ಸಿನಲ್ಲಿರುತ್ತಿದ್ದರು. ಅಂಗಿಯ ಯಜಮಾನ ಬಂದು ನಮ್ಮ ಬಾಗಿಲು ಬಡಿಯುತ್ತಿದ್ದ. ಎಲ್ಲಿ ಹೋಗಿದಾನೆ ಈ ಮನುಷ್ಯ ಎಂದರೆ, ದೇವರ ಹತ್ರ ಎನ್ನುತ್ತಿದ್ದಳು ತಾಯಿ. ಕೇಳಿದವನು ಒಂದು ಗಳಿಗೆ ಗಾಬರಿಯಾಗುತ್ತಿದ್ದ.

ಹೀಗೆ ಎರಡು ವರ್ಷ ಹೋಯಿತು. ಒಂದು ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಗೆ ಹೊರಟರು. ತುಂಗೆಯಲ್ಲಿ ಮುಳುಗು ಹಾಕಬೇಕೆಂದು ತಾಯಿಗೂ ಆಸೆ. ಹೊಸನಗರದ ಮೇಲೆ ಹೋಗುವ ಬಸ್ಸಿನಲ್ಲಿ ಹಿಂದಿನ ದಿನವೇ ನಾವು ಮೂವರೂ ಹೋಗಿ ಪರಿಚಯದವರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಹೊಳೆಯ ಮೇಲೆ ಮಂಜು. ಬಂಡೆಗಳ ಮೇಲೆಲ್ಲ ಜನ, ನೀರಿನಲ್ಲಿ ಜನ, ನೀರಿನಿಂದ ಏಳುತ್ತಿರುವ ಜನ. ಚಳಿಗೆ ಎಲ್ಲರ ಬಾಯಲ್ಲೂ ಹೊಗೆ. ಹೆಂಗಸರು ಸ್ನಾನ ಮಾಡುವ ಕಡೆ ಗಂಡಸು ನಿಂತು ನೋಡುವಂತಿಲ್ಲ. ಆದ್ದರಿಂದ ಟೈಲರು ಮೇಲೆ ದಾರಿಯಲ್ಲಿ ನಿಂತರು, ಒದ್ದೆ ಸೀರೆಯ ಗಂಟು ಹಿಡಿದು ಹತ್ತಿ ಬರುವವರ ಮುಖ ನೋಡುತ್ತ. ನಾನು ಪಕ್ಕದಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ, ಅರ್ಧ ಚಳಿಗೆ, ಅರ್ಧ ಸಿಟ್ಟಿಗೆ.

ಅವರನ್ನು ಗುರುತಿಸಿದ್ದು ಒಬ್ಬಳು ಮುದುಕಿ. ತಂಗಿಯ ಊರಿನವಳೇ, ಮೇಳಿಗೆ ಎಂಬ ಊರಿನ ಹತ್ತಿರ ಮಗಳ ಮನೆಯಲ್ಲಿ ಇದ್ದವಳು. ಇವರ ಮುಂಗೈ ಹಿಡಿದುಕೊಂಡು, ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ ಬೈಯಲು ಶುರು ಮಾಡಿದಳು.

"ಎಲ್ಲಿ ಹೋಗಿದ್ಯೋ ಮಾರಾಯ? ಹೋದ ಮಾರಿಜಾತ್ರೆಗೆ ನಿನ್ ತಂಗಿ ತವರುಮನೆ ಗುಡಿ ಬಾಗ್ಲಲ್ಲಿ ಕೂತಿತ್ತು. ಬೆಳಗಾಗದ್ರೊಳಗೆ ಬಂದು ಕೂತಿದ್ದು, ದೇವಿ ಏಳೋವರೆಗೂ ಅಲ್ಲೇ. ಅಣ್ಣ ನನ್ನ ಮರ್ತ ಅಂತ ಅತ್ಕಂಡು ಹೋತು."

ಅವಳೀಗ ಎಲ್ಲಿದ್ದಾಳೆ ಎಂದು ನಾನೇ ಕೇಳಿದೆ. ಮುದುಕಿಗೆ ಗೊತ್ತಿರಲಿಲ್ಲ. ಕೊಪ್ಪದ ಕಡೆ ಕಾಫಿತೋಟದ ಕೆಲಸಕ್ಕೆ ಹೋದರು ಎಂದು ಯಾರೋ ಅಂದರು, ಅಷ್ಟೇ ಎಂದಳು. ಜಾತ್ರೆಗೆ ಬಂದದ್ದೂ ಒಂದೇ ದಿನಕ್ಕಂತೆ, ಮೊದಲ ದಿನ ಬಂದು ಮರುದಿನ ನಸುಕಿಗೇ ಗಾಡಿ ಹೂಡಿಸಿಕೊಂಡು ಮನೆಯವರ ಜೊತೆ ಹೊರಟಳಂತೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹೊಸನಗರ ದಾಟಿದ ಮೇಲೆ ಒಮ್ಮೆಲೆ ನನ್ನ ಕಡೆ ತಿರುಗಿದರು.

"ಹೆಣ್ಣು ಕೊಟ್ಟ ಅಣ್ಣ ಹೋಗ್ಬೇಕಾದ್ದು ಗಂಡನ ಮನೆಗಲ್ವಾ ಅಕ್ಕೋರೇ? ಉಡಿ ತಗಂಡು ಅಲ್ಲಿಗೇ ಅಲ್ವಾ ಹೋಗೋದು?"

ಮುಂದಿನ ಸೀಟಿನಿಂದ ತಾಯಿ ಹೇಳಿದಳು, ತನಗೆ ಅದು ಲೆಕ್ಕವೇ ಅಲ್ಲ ಎಂಬಂತೆ: "ತವರು ಮುಳುಗಿದ ಹೆಣ್ಣು ಮತ್ತೆಲ್ಲಿ ಹೋಗಿ ಕೂರ್ತಾಳೆ?"

ಇಬ್ಬರೂ ಪದ್ಧತಿಯಂತೆಯೇ ನಡೆದಿದ್ದರು. ತಂಗಿಯನ್ನು ನೋಡಲು ಅಣ್ಣ ಅವಳ ಗಂಡನ ಮನೆಗೆ ಹೋಗುತ್ತಾನೆ, ಅಣ್ಣನನ್ನು ನೋಡಲು ತಂಗಿ ತವರಿಗೆ ಬರುತ್ತಾಳೆ. ದೇವಿಯ ಎರಡು ಮನೆಗಳಲ್ಲಿ ಯಾವುದು ಎಂದು ಲಾರಿಯ ಹಿಂದೆ ಓಡುವವನಿಗೆ ಕೇಳಲು ಹೊಳೆಯಲಿಲ್ಲ, ಲಾರಿಯ ಮೇಲಿದ್ದವಳಿಗೆ ಹೇಳಲು ಹೊಳೆಯಲಿಲ್ಲ. ಇಬ್ಬರಿಗೂ ಅದು ಕೇಳಬೇಕಾದ ಮಾತೇ ಆಗಿರಲಿಲ್ಲ. ಆ ಮೊದಲ ದಿನ ತಂಗಿ ಬಾಗಿಲಲ್ಲಿ ಕೂತಿದ್ದಾಗ ಇವರು ಅದೇ ಊರಿನ ಹಿಂದಿನ ಬೀದಿಯಲ್ಲಿ ಯಾರ್ಯಾರದೋ ಮಕ್ಕಳ ಚಡ್ಡಿ ಹೊಲಿಯುತ್ತಿದ್ದರು.

ತಂಗಿ ಬದುಕಿದ್ದಾಳೆ ಎಂದು ತಿಳಿದದ್ದು ಸಂತೋಷದ ಸುದ್ದಿಯಾಗಬೇಕಿತ್ತು. ಅವರನ್ನು ಅದು ಕೊರೆಯತೊಡಗಿತು. ಸಿಗದೆ ಹೋದದ್ದು ಒಂದು ನೋವಾದರೆ, ಮರೆತ ಎಂದುಕೊಂಡು ಅವಳು ಅತ್ತು ಹೋದಳಲ್ಲ ಎಂಬುದು ಅದಕ್ಕಿಂತ ದೊಡ್ಡದಾಯಿತು. ಕೊಪ್ಪದ ಕಡೆ ಹೋಗಿ ತೋಟ ತೋಟ ಅಲೆದರು. ಯಾವ ಮೇಸ್ತ್ರಿಗೂ ಆ ಮನೆಯವರ ಗುರುತಿಲ್ಲ. ವಾಪಸ್ ಬಂದವರು ಜಗಲಿಯಲ್ಲಿ ಕೂರುವುದು, ಏಳುವುದು, ಬೀದಿಯ ತುದಿಯವರೆಗೆ ಹೋಗಿ ಬರುವುದು. "ನಾ ಬಂದಿದ್ದೆ ಅಂತ ಅವಳಿಗೆ ಗೊತ್ತಿಲ್ವಲ್ಲ" ಎಂಬ ಮಾತನ್ನು ಗಿರಾಕಿಗಳ ಹತ್ತಿರ, ಹಾಲಿನವನ ಹತ್ತಿರ, ನನ್ನ ಶಾಲೆಯ ಮಕ್ಕಳ ಹತ್ತಿರ ಹೇಳುತ್ತಿದ್ದರು. ಮುಂದಿನ ಜಾತ್ರೆಗೆ ಇನ್ನೂ ಒಂದು ವರ್ಷದ ಮೇಲಿತ್ತು.

ಆ ಮಳೆಗಾಲ ಅವರಿಗೆ ಕೆಮ್ಮು ಹಿಡಿಯಿತು. ಮಳೆ ಹೋದರೂ ಕೆಮ್ಮು ಹೋಗಲಿಲ್ಲ. ಆಸ್ಪತ್ರೆಗೆ ಹೋಗಿ ಎಂದು ಬೈದು ಕಳಿಸಿದರೆ, ಅಲ್ಲಿ ಬಂದಿದ್ದವರ ಮುಖಗಳನ್ನೆಲ್ಲ ನೋಡಿಕೊಂಡು ಔಷಧಿ ತೆಗೆದುಕೊಳ್ಳದೆ ಬಂದ ಪುಣ್ಯಾತ್ಮ. ಅಷ್ಟರಲ್ಲಿ ನನಗೆ ಹೊಸನಗರಕ್ಕೆ ವರ್ಗವಾಗಿತ್ತು. ತಾಯಿ ನನ್ನ ಜೊತೆ ಬರಲಿಲ್ಲ, ಈ ಮನುಷ್ಯನಿಗೆ ಗಂಜಿ ಕೊಡುವವರು ಯಾರು ಎಂದು ಸಾಗರದಲ್ಲೇ ಉಳಿದಳು. ನಾನು ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದು ಭಾನುವಾರ ಹೋಗುತ್ತಿದ್ದೆ. ಪ್ರತಿ ಸಲ ಬಂದಾಗಲೂ ಅವರ ಮೈ ಮೇಲಿನ ಅಂಗಿ ಇನ್ನಷ್ಟು ಸಡಿಲವಾಗಿರುತ್ತಿತ್ತು.

ನವರಾತ್ರಿ ಕಳೆದ ಮೇಲೆ ಒಂದು ಭಾನುವಾರ ನನ್ನನ್ನು ಹತ್ತಿರ ಕೂರಿಸಿಕೊಂಡು ತಂಗಿಗೆಂದು ಕಟ್ಟಿಟ್ಟ ಆ ಉಡಿಯ ಗಂಟನ್ನು ಕೈಗೆ ಕೊಟ್ಟರು. ರವಿಕೆಗಳು ಸೇರಿ ಸೇರಿ ಅದು ದಪ್ಪವಾಗಿತ್ತು. ಜಾತ್ರೆಯ ಮೊದಲ ದಿನ, ತವರುಮನೆ, ಬೆಳಗಾಗುವುದರೊಳಗೆ ಹೋಗಬೇಕು ಎಂದರು. ನೀವೇ ಹೋಗ್ತೀರಿ ಬಿಡಿ ಎಂದೆ. ನಾನು ನಿಮ್ಮ ತಂಗಿಯ ಮುಖವನ್ನೇ ನೋಡಿಲ್ಲ, ಸಾವಿರಾರು ಜನರಲ್ಲಿ ಹೇಗೆ ಗುರುತು ಹಿಡಿಯಲಿ ಎಂದು ರೇಗಿದೆ. ಅವರು ಗುರುತು ಹೇಳತೊಡಗಿದರು. ಅವಳಿಗೆ ಹಲಸಿನಹಣ್ಣು ಎಂದರೆ ಪ್ರಾಣ. ಸಿಡಿಲಿಗೆ ಹೆದರುತ್ತಾಳೆ. ಜಡೆ ಹಾಕುವಾಗ ಒಂದು ಕಡೆ ಕೂರುವುದಿಲ್ಲ. ಇಂಥ ಗುರುತು ಇಟ್ಟುಕೊಂಡು ಜಾತ್ರೆಯಲ್ಲಿ ಯಾರನ್ನು ಹುಡುಕುವುದು? ಆದರೂ ಆಯಿತು ಎಂದು ತಲೆಯಾಡಿಸಿದೆ.

"ನಾ ಬಂದಿದ್ದೆ ಅಂತ ಹೇಳಿ ಅಕ್ಕೋರೇ. ಮತ್ತೇನೂ ಬೇಡ."

ಮುಂದಿನ ಶನಿವಾರ ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಲರ್ ಹಿಡಿದಿದ್ದ ಆ ಮುಳುಗಡೆಯ ಮನುಷ್ಯನನ್ನು ತಾಯಿ ಎಲ್ಲಿಂದಲೋ ಹುಡುಕಿಸಿ ಕರೆಸಿದ್ದಳು. ಅವನೇ ಮಗನ ಜಾಗದಲ್ಲಿ ನಿಂತು ಕೊಳ್ಳಿ ಇಟ್ಟನಂತೆ. ಗೋಡೆಯಾಚೆ ಸದ್ದಿಲ್ಲದ ಮನೆಯಲ್ಲಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜಾತ್ರೆಯ ಮೊದಲ ದಿನ ನಕ್ಷತ್ರ ಇನ್ನೂ ಇರುವಾಗಲೇ ಗಂಟು ಹಿಡಿದು ತವರುಮನೆ ಗುಡಿಗೆ ಹೋದೆ. ತಾಯಿಗೆ ಜ್ವರ, ನಾನೊಬ್ಬಳೇ. ಬಾಗಿಲ ಪಕ್ಕದಲ್ಲಿ ನಿಂತು ಹೆಂಗಸರ ಮುಖ ನೋಡತೊಡಗಿದೆ. ಬೆಳಕು ಹರಿಯುವ ಹೊತ್ತಿಗೆ ಸಾಲು ಬೀದಿ ದಾಟಿತ್ತು. ಕೆಂಪು ಸೀರೆ, ಹಸಿರು ಸೀರೆ, ಮಡಿಲು ತುಂಬ ಅಕ್ಕಿ. ಯಾರನ್ನು ನೋಡಿದರೂ ತಂಗಿಯಂತೆ ಕಾಣುತ್ತಿತ್ತು, ಯಾರೂ ಅಲ್ಲ ಎಂದೂ ಅನ್ನಿಸುತ್ತಿತ್ತು. ಒಬ್ಬಳು ಆಚೆ ಈಚೆ ನೋಡುತ್ತ ನಿಂತಿದ್ದಳೆಂದು ಹತ್ತಿರ ಹೋಗಿ, ಅಣ್ಣನಿಗೆ ಕಾಯುತ್ತಿದ್ದೀರಾ ಎಂದು ಕೇಳಿದೆ. ಗಂಡ ಚಪ್ಪಲಿ ಕಾಯ್ತಿದಾನೆ, ನಿಂಗೇನಾಗ್ಬೇಕು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋದಳು. ಬಿಸಿಲೇರಿತು. ಕಾಲು ಮರಗಟ್ಟಿತು. ಮೈಯೆಲ್ಲ ಚಡಪಡಿಕೆ. ಅವಳು ಈ ಸಲ ಬರದೇ ಇರಬಹುದು, ಬಂದು ಹೋಗಿರಬಹುದು, ಮರೆತ ಅಣ್ಣನ ಮೇಲಿನ ಸಿಟ್ಟಿಗೆ ಬರಲೇಬಾರದು ಎಂದುಕೊಂಡಿರಬಹುದು. ಅಥವಾ ನಾನು ಕಣ್ಣು ಮಿಟುಕಿಸಿದಾಗ ದಾಟಿ ಹೋಗಿರಬಹುದು. ದೇವಿಯನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಮಧ್ಯಾಹ್ನ ಕಳೆದಿತ್ತು. ಒಳಗೆ ಯಾರೋ ಗದರುವುದು ಕೇಳಿಸಿತು. ಸಾಲು ನೋಡಿಕೊಳ್ಳುವ ಹುಡುಗರಲ್ಲಿ ಒಬ್ಬ, ದೇವಿ ಕಡೆ ತಿರುಗಮ್ಮ, ಮುಂದೆ ಹೋಗು ಎನ್ನುತ್ತಿದ್ದ. ಇಣುಕಿ ನೋಡಿದೆ. ಆ ನೂಕುನುಗ್ಗಲಿನಲ್ಲಿ ಎಲ್ಲರೂ ದೇವಿಯ ಕಡೆ ಮುಖ ಮಾಡಿದ್ದರು. ಒಬ್ಬಳು ಮಾತ್ರ, ಸಣ್ಣ ಮೈಯ ಹೆಂಗಸು, ಹಣ್ಣುಕಾಯಿಯ ತಟ್ಟೆಯನ್ನು ಎದೆಗೆ ಅವಚಿಕೊಂಡು, ದೇವಿಗೆ ಬೆನ್ನು ಹಾಕಿ ಬಾಗಿಲ ಕಡೆ ನೋಡುತ್ತಿದ್ದಳು.

ನಾನು ಜನರನ್ನು ತಳ್ಳಿಕೊಂಡು ಒಳಗೆ ಹೋದೆ. ನಿಮ್ಮಣ್ಣ ಟೈಲರಾ ಎಂದು ಕೇಳಿದೆ. ಅವಳು ನನ್ನ ಮುಂಗೈ ಹಿಡಿದುಕೊಂಡಳು, ಹಿಡಿತಕ್ಕೆ ಬಳೆ ಚರ್ಮಕ್ಕೆ ಒತ್ತಿತು. ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ, ನನ್ನ ಹೆಗಲಾಚೆ ಹುಡುಕುತ್ತಿತ್ತು.

"ಎಲ್ಲಿದಾನೆ?"

ಅವರಿಗೆ ಬರಲಾಗಲಿಲ್ಲ, ನನ್ನನ್ನು ಕಳಿಸಿದ್ದಾರೆ ಎಂದೆ. ಅವಳು ಆಗ ನನ್ನ ಮುಖ ನೋಡಿದಳು, ಗಂಟು ನೋಡಿದಳು. ಹಿಡಿತ ಸಡಿಲವಾಯಿತು. ಯಾವಾಗ ಎಂದಳು. ದೀಪಾವಳಿಗೆ ಮುಂಚೆ ಎಂದೆ.

ಅವಳನ್ನು ಕೈ ಹಿಡಿದು ಹೊರಗೆ ಕರೆತಂದು ಗೋಡೆಯ ಪಕ್ಕದ ನೆರಳಲ್ಲಿ ಕೂರಿಸಿದೆ. ಅವಳು ಅತ್ತಳು, ಸದ್ದು ಮಾಡದೆ, ಸೆರಗನ್ನು ಬಾಯಿಗೆ ತುರುಕಿಕೊಂಡು. ನಾನೂ ಅತ್ತೆ. ನಮ್ಮ ಮುಂದೆ ಜಾತ್ರೆ ಹೋಗುತ್ತಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತದೆ ಕೇಳಿದಳು.

"ಹೋದ ಸಲ ಬಂದಿದ್ನಾ?"

"ಬಂದಿದ್ರು. ಗಂಡನಮನೆ ಗುಡೀಲಿ ಕಾದಿದ್ರು, ಜಾತ್ರೆ ಮುಗಿಯೋವರೆಗೂ. ನಾನೇ ಪಕ್ಕದಲ್ಲಿ ನಿಂತಿದ್ದೆ."

ಅವಳು ಆ ಕಡೆ ತಿರುಗಿ ನೋಡಿದಳು. ಆ ಗುಡಿಯ ಬೀದಿ ನಾವು ಕೂತಲ್ಲಿಂದ ಕಾಣುವುದಿಲ್ಲ, ಜನರ ತಲೆಗಳಷ್ಟೇ ಕಾಣುತ್ತವೆ. ಆದರೂ ಬಹಳ ಹೊತ್ತು ನೋಡಿದಳು.

"ಹಂಗಾರೆ ಬಂದಿದ್ದ" ಎಂದಳು, ನನಗಲ್ಲ, ತನಗೇ. ಮತ್ತೊಮ್ಮೆ ಹೇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತಟ್ಟೆ ಎತ್ತಿಕೊಂಡು ಎದ್ದು ನಿಂತಳು. ದೇವಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬರ್ತೀನಿ ಎಂದಳು. ನಾಲ್ಕು ಹೆಜ್ಜೆ ಹೋದವಳು ಗಾಬರಿಯಿಂದ ಹಿಂದಿರುಗಿ ಬಂದಳು.

"ಇಲ್ಲೇ ಇರ್ತೀರಲ್ಲ? ಎಲ್ಲೂ ಹೋಗ್ಬೇಡಿ."

ಸಾಲು ಮತ್ತೆ ಬೀದಿಯವರೆಗೆ ಬೆಳೆದಿತ್ತು. ಅವಳು ಅದರ ಕೊನೆಯಲ್ಲಿ ನಿಂತಳು. ಹೊಸನಗರದ ಸಂಜೆಯ ಬಸ್ಸು ಬಿಡುವ ಹೊತ್ತಾಯಿತು, ಬಿಟ್ಟೂ ಹೋಯಿತು. ಗ್ಯಾಸ್‌ಲೈಟುಗಳು ಹತ್ತಿದವು. ದೇವಿಯನ್ನು ಗಂಡನ ಮನೆಗೆ ಕಳಿಸುವ ವಾದ್ಯ ಶುರುವಾಗಿ, ಜನವೆಲ್ಲ ಎದ್ದು ನುಗ್ಗಿ ನನ್ನನ್ನು ಗೋಡೆಗೆ ಒತ್ತಿದರು. ಅವಳಿಗೆ ಕೊಡಬೇಕಾದ ಗಂಟು ಇನ್ನೂ ನನ್ನ ಕೈಯಲ್ಲಿತ್ತು. ನಾನು ಎಲ್ಲೂ ಹೋಗಲಿಲ್ಲ.